ಆಷಾಢ ಕಳೆಯಲಿ

ಮಾಡಬೇಕಾದ ಕೆಲಸವನ್ನು ನೆನಪಿಟ್ಟುಕೊಳ್ಳುವುದಕ್ಕೆ ಮನುಷ್ಯ ಬಗೆಬಗೆಯ ಸಾಧನ ಕಂಡುಹಿಡಿದಿದ್ದಾನೆ. ಮಾಡುವುದಕ್ಕೆ ಮಾತ್ರ ಒಂದನ್ನೂ ಕಂಡುಹಿಡಿದಿಲ್ಲ. ನಮ್ಮ ಅಜ್ಜಿಯರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಗಂಟು ಕೈಗೆ ಸಿಕ್ಕಾಗಲೆಲ್ಲ ಏನೋ ಬಾಕಿಯಿದೆ ಎಂದು ಮನಸ್ಸು ಚುರುಕ್ ಎನ್ನುತ್ತಿತ್ತು. ಅವರ ಮರಿಮೊಮ್ಮಕ್ಕಳ ಕಾಲಕ್ಕೆ ಬಂದ ಸಾಧನದ ಹೆಸರೂ 'ಗಂಟು' ಎಂದೇ. ಆದರೆ ಅದು ಮಾಡಿದ್ದು ತದ್ವಿರುದ್ಧ ಕೆಲಸ. ಆ ಚುರುಕ್ಕನ್ನೇ ಅದು ಕಿತ್ತುಹಾಕಿತು.

ಹೆಸರುಕಾಳಿನಷ್ಟು ದೊಡ್ಡದೊಂದು ಕಾಳು. ಬಲಗಿವಿಯ ಹಿಂದೆ ಅಂಟಿಸಿಕೊಂಡರೆ ಮುಗಿಯಿತು. ಅರ್ಧಕ್ಕೆ ನಿಂತ ಕೆಲಸ ತಲೆಯೊಳಗೆ ತೆಪ್ಪಗೆ ಬಿದ್ದಿರುವುದಿಲ್ಲ, ಕೊರೆಯುತ್ತಿರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಕೊರೆತಕ್ಕೆ ಮೆದುಳಿನಲ್ಲಿ ಒಂದು ಮಿಡಿತವಿದೆ, ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯದು. ಕಾಳು ಅದನ್ನು ಗುರುತಿಸಿ, ತನ್ನಲ್ಲಿ ದಾಖಲಿಸಿಕೊಂಡು, ತಲೆಯೊಳಗೆ ಅದನ್ನು ಮಲಗಿಸಿಬಿಡುತ್ತಿತ್ತು. ಹೇಳಿದ ಹೊತ್ತು ಬಂದಾಗ ಮತ್ತೆ ಎಬ್ಬಿಸುತ್ತಿತ್ತು. ನೆನಪೇನೂ ಅಳಿಯುತ್ತಿರಲಿಲ್ಲ. ಹಲ್ಲು ಹುಳುಕಾಗಿದೆ ಎಂಬುದು ಗೊತ್ತಿರುತ್ತಿತ್ತು, ಡಾಕ್ಟರ ಹತ್ತಿರ ಹೋಗಬೇಕು ಎಂದು ಮಾತ್ರ ಅನ್ನಿಸುತ್ತಿರಲಿಲ್ಲ. ಜನ ಸುಖವಾಗಿ ನಿದ್ದೆ ಮಾಡಿದರು.

ಗಂಟು ನಮ್ಮವರಿಗೆ ಅಷ್ಟು ಹಿಡಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದು ತಾರೀಖು ಕೇಳುತ್ತಿರಲಿಲ್ಲ. 'ಹಬ್ಬ ಮುಗೀಲಿ' ಎಂದರೆ ಹೂಂ ಅನ್ನುತ್ತಿತ್ತು. 'ಅಮಾವಾಸ್ಯೆ ಆಗಲಿ' ಎಂದರೂ ಹೂಂ. ಎಲ್ಲಕ್ಕಿಂತ ಹೆಚ್ಚಾಗಿ ಜನ ಹೇಳುತ್ತಿದ್ದದ್ದು 'ಆಷಾಢ ಕಳೀಲಿ'. ಆಷಾಢದಲ್ಲಿ ಶುಭಕಾರ್ಯ ಮಾಡಬಾರದು ಎಂದು ಹಿರಿಯರು ಹೇಳಿದ್ದು ಮದುವೆ, ಗೃಹಪ್ರವೇಶದ ಮಾತು. ನಾವು ಅದನ್ನು ಹಲ್ಲು ಕೀಳಿಸುವುದಕ್ಕೂ ಗೋಡೆಗೆ ಸುಣ್ಣ ಬಳಿಯುವುದಕ್ಕೂ ವಿಸ್ತರಿಸಿಕೊಂಡೆವು. ಶ್ರಾವಣ ಬಂದಾಗ ಗಂಟು ಮೆಲ್ಲಗೆ ಕೇಳುತ್ತಿತ್ತು, 'ಈಗ?' ಕಾಳನ್ನು ಎರಡು ಸಲ ಮುಟ್ಟಿದರೆ ಕೆಲಸ ಮುಂದಿನ ಆಷಾಢ ಕಳೆಯುವ ತನಕ ಮಲಗುತ್ತಿತ್ತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಗಂಟಿನ ಕಾಲದಲ್ಲಿ ಮನೆ ಹಾಳಾದರೂ ಯಾರಿಗೂ ಹಾಗೆ ಅನ್ನಿಸಲಿಲ್ಲ.

ಹೀಗಿರುವಾಗ ಗಂಟು ಕಂಪನಿ ಬಾಗಿಲು ಹಾಕಿತು. ಜನರ ಬಾಕಿ ಕೆಲಸಗಳನ್ನೆಲ್ಲ 'ಸರತಿ' ಎಂಬ ಹೊಸ ವ್ಯವಸ್ಥೆಗೆ ಸಾಗಿಸಬೇಕಾಯಿತು. ಕಾಳು ಅದೇ, ಒಳಗಿನ ಯಜಮಾನ ಮಾತ್ರ ಬೇರೆ. ಸರತಿ ಶಿಸ್ತಿನ ಪ್ರಾಣಿ. ದಿನ, ತಿಂಗಳು, ವರ್ಷ ಮೂರೂ ಇಲ್ಲದ ಕೆಲಸವನ್ನು ಅದು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಗಡುವು ದಾಟಿದ ಕೆಲಸವಿದ್ದರೆ ಮೆಲ್ಲಗೆ ಕೇಳುವುದೂ ಇಲ್ಲ. ಎಷ್ಟು ಹಳೆಯದೋ ಅಷ್ಟು ಜೋರಾಗಿ ಕೊರೆಯುತ್ತಿತ್ತು.

ತುಮಕೂರು ಹಾಸನ ಸೀಮೆಯ ವರ್ಗಾವಣೆ ನಡೆದದ್ದು ತುಮಕೂರಿನ ನಿಯಂತ್ರಣ ಕೊಠಡಿಯಲ್ಲಿ. ಜನರ ಮಾತನ್ನು ತಾರೀಖಿಗೆ ಬದಲಿಸುವ ಸೂತ್ರ ಬರೆದವಳು ಸರ್ವಮಂಗಳಾ. ಮನೆಯಲ್ಲೂ ಕಚೇರಿಯಲ್ಲೂ ಬರೀ ಮಂಗಳಾ. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುವುದಿಲ್ಲವಂತೆ. ಹಾಗೆ ಮಂಗಳಾ ಕಾಳು ಅಂಟಿಸಿಕೊಂಡವಳಲ್ಲ. ಕೆಲಸ ಬಂದ ಕೂಡಲೇ ಮಾಡಿ ಬಿಸಾಡುವ ಸ್ವಭಾವ. ಮಾಡಲಾಗದ್ದು ಏನಾದರೂ ಉಳಿದರೆ ಅದು ಅವಳ ತಲೆಯಲ್ಲಿ ಹಗಲೂ ರಾತ್ರಿ ಕೊರೆಯುತ್ತಿತ್ತು. ಅಂಥದ್ದು ಒಂದು ಉಳಿದಿತ್ತು. ಅದು ಅವಳ ಗಂಡ.

ರೇಣುಕಪ್ರಸಾದ ಅರಸೀಕೆರೆಯವನು, ತೆಂಗಿನ ಮರ ಹತ್ತುವ ಯಂತ್ರಗಳ ರಿಪೇರಿ ಅವನ ಕಸುಬು. ಮದುವೆಯಾದ ಮೊದಲ ಆಷಾಢಕ್ಕೆ ಮಂಗಳಾ ಪದ್ಧತಿಯಂತೆ ತುಮಕೂರಿನ ತವರಿಗೆ ಬಂದಳು. ಹೊರಡುವ ದಿನವೇ ಇಬ್ಬರಿಗೂ ಜಗಳವಾಗಿತ್ತು. ಕಾಯಿ ಚಟ್ನಿಯ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂದು ಶುರುವಾದದ್ದು, ಅವಳು ತುಮಕೂರಿನ ಕೆಲಸ ಬಿಡಬೇಕೋ ಬೇಡವೋ ಎಂಬಲ್ಲಿಗೆ ಬಂತು. ಚಟ್ನಿ ನೆಪ, ಕೆಲಸವೇ ನಿಜ. ಕೊನೆಗೆ ಅವನು ಮುಖ ತಿರುಗಿಸಿ, ಈಗ ಹೋಗು, ಆಷಾಢ ಕಳೆಯಲಿ, ನೋಡೋಣ ಎಂದುಬಿಟ್ಟ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರ ಜಗಳ ಉಣ್ಣುವುದಕ್ಕೂ ಮೊದಲೇ ರೈಲು ಹತ್ತಿತ್ತು.

ಆ ಆಷಾಢ ಕಳೆಯಿತು. ಅವನು ಬರಲಿಲ್ಲ. ತವರಿಗೆ ಹೋದ ಹೊಸ ಸೊಸೆಯನ್ನು ಗಂಡನ ಮನೆಯವರು ಬಂದು ಕರೆಯಬೇಕು. ತಾನೇ ಪೆಟ್ಟಿಗೆ ಹೊತ್ತು ಹೋಗುವುದಕ್ಕೆ ಮಂಗಳಾಗೆ ಮನಸ್ಸಾಗಲಿಲ್ಲ. ಇನ್ನೊಂದು ಆಷಾಢವೂ ಕಳೆಯಿತು, ಮತ್ತೊಂದೂ ಕಳೆಯಿತು. ತಾಯಿ ಚನ್ನಬಸಮ್ಮ ಕೇಳುವ ನೆಂಟರಿಗೆಲ್ಲ ಅಳಿಯಂದಿರಿಗೆ ವಿಪರೀತ ಕೆಲಸ ಎಂದು ಹೇಳಿ ಹೇಳಿ ಸುಸ್ತಾದರು.

ನಾಲ್ಕನೆಯ ಆಷಾಢ ಅರ್ಧ ಸವೆದಿದ್ದಾಗ ವರ್ಗಾವಣೆಯ ದಿನ ಬಂತು. 'ಆಷಾಢ ಕಳೀಲಿ' ಎಂದಿದ್ದ ಕೆಲಸಗಳಿಗೆ ಮಂಗಳಾ ಬರೆದ ಸೂತ್ರ ಸರಳವಾಗಿತ್ತು: ಕೆಲಸ ಯಾವತ್ತು ಗಂಟಿಗೆ ಸೇರಿತೋ ಅದರ ನಂತರ ಬಂದ ಶ್ರಾವಣದ ಮೊದಲ ದಿನವೇ ಅದರ ತಾರೀಖು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಪರೀಕ್ಷೆಯಲ್ಲೂ ಸರಿಯಾಗಿಯೇ ನಡೆಯಿತು, ಏಕೆಂದರೆ ಪರೀಕ್ಷೆಗೆಂದು ಬರೆದ ಕೆಲಸಗಳೆಲ್ಲ ಆ ವಾರವಷ್ಟೇ ಬರೆದವು. ಜನ ಒಂದೇ ಕೆಲಸವನ್ನು ವರ್ಷವರ್ಷವೂ ಕಾಳು ಮುಟ್ಟಿ ಮಲಗಿಸುತ್ತಾರೆ, ಹಾಗೆ ಮಲಗಿಸಿದ್ದನ್ನು ಗಂಟು ಹೊಸ ತಾರೀಖು ಹಾಕಿ ಬರೆದಿಡುವುದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಯಾವುದನ್ನೂ ಮುಂದಕ್ಕೆ ಹಾಕದವಳಿಗೆ ಮುಂದಕ್ಕೆ ಹಾಕುವವರ ಚಾಳಿ ಹೇಗೆ ತಿಳಿಯಬೇಕು. ಶನಿವಾರ ಸಂಜೆ ವರ್ಗಾವಣೆ ಮುಗಿಸಿ, ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿ, ಮನೆಗೆ ಬಂದು ಮಲಗಿದಳು.

ಭಾನುವಾರ ಬೆಳಿಗ್ಗೆ ಎದ್ದಾಗ ಚನ್ನಬಸಮ್ಮ ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ತಾಮ್ರದ ಪಾತ್ರೆಗಳನ್ನು ಎಳೆಯುತ್ತಿದ್ದರು. ಕಲಾಯಿ ಹಾಕಿಸಬೇಕಂತೆ, ಈಗಲೇ. ಎದುರು ಮನೆಯ ನಿವೃತ್ತ ಮೇಷ್ಟ್ರು ಲುಂಗಿ ಮೇಲೆ ಕಟ್ಟಿ ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದರು. ಬೀದಿಯ ಉದ್ದಕ್ಕೂ ಹೆಂಗಸರು ಯಾವ ಕಾಲದಲ್ಲೋ ಎರವಲು ತಂದ ಕುಕ್ಕರು, ಇಡ್ಲಿ ತಟ್ಟೆ, ಒರಳಿನ ಗುಂಡುಗಳನ್ನು ಹೊತ್ತು ವಾಪಸು ಕೊಡಲು ಹೊರಟಿದ್ದರು. ಇವಳು ಅವಳ ಮನೆಗೆ ಹೋದರೆ ಅವಳು ಇನ್ನೊಬ್ಬಳ ಮನೆಗೆ ಹೋಗಿರುತ್ತಿದ್ದಳು. ಮಂಗಳಾ ಕಿಟಕಿಯಲ್ಲಿ ನಿಂತು, ನಮ್ಮ ಬೀದಿಗೆ ಒಳ್ಳೇ ಬುದ್ಧಿ ಬಂತಲ್ಲ ಎಂದು ನಕ್ಕಳು.

ಆಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ರೇಣುಕಪ್ರಸಾದ. ಕೂದಲು ಬಾಚಿಲ್ಲ, ಅಂಗಿಗೆ ಯಂತ್ರದ ಎಣ್ಣೆಯ ಕಲೆ, ಒಂದು ಕಾಲಲ್ಲಿ ಚರ್ಮದ ಚಪ್ಪಲಿ, ಇನ್ನೊಂದರಲ್ಲಿ ಬಚ್ಚಲಿನ ಹವಾಯಿ.

"ಮಂಗಳಾ, ನಡಿ, ಹೋಗೋಣ," ಎಂದ. "ಬಟ್ಟೆಬರೆ ಆಮೇಲೆ ತರಿಸ್ಕೊಂಡ್ರಾಯ್ತು."

ಈ ಗಳಿಗೆಗೆಂದು ಮಂಗಳಾ ಮೂರು ವರ್ಷದಿಂದ ಖಾರವಾದ ಮಾತುಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ. ಎದೆ ನಾಚಿಕೆಯಿಲ್ಲದೆ ಹಿಗ್ಗಿತು. ಅವಳಿಗೆ ಅವನ ಮೇಲಲ್ಲ, ತನ್ನ ಎದೆಯ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಚನ್ನಬಸಮ್ಮ ಹೊರಗೆ ಬಂದು, ಅಳಿಯನನ್ನು ಕಂಡು ಕಣ್ಣು ತುಂಬಿಕೊಂಡರು. ಕೂರಿಸಿ ನೀರು ಕೊಟ್ಟ ಮೇಲೆ, ಬಂದದ್ದು ಬಹಳ ಸಂತೋಷ, ಆದರೆ ಈಗ ನಡು ಆಷಾಢವಲ್ಲವೇ, ಈಗ ಹೇಗೆ ಕಳಿಸುವುದು ಎಂದು ರಾಗ ಎಳೆದರು.

ಆಷಾಢ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಂಗಳಾ ತಾಯಿಯ ಕೈಯಲ್ಲಿದ್ದ ತಾಮ್ರದ ತಂಬಿಗೆಯನ್ನು ನೋಡಿದಳು. ಮೇಷ್ಟ್ರ ಸುಣ್ಣದ ಬಕೆಟ್ ನೋಡಿದಳು. ಗಂಡನ ಕಾಲಿನ ಎರಡು ಜಾತಿಯ ಚಪ್ಪಲಿ ನೋಡಿದಳು.

"ಯಾವಾಗಿಂದ ಹೀಗನ್ನಿಸ್ತಿದೆ ನಿಮಗೆ?" ಎಂದು ಕೇಳಿದಳು.

"ಬೆಳಗಿನ ಜಾವದಿಂದ. ತಲೆಯೊಳಗೆ ಯಾರೋ ಡ್ರಿಲ್ ಹಾಕ್ತಿರೋ ಹಾಗೆ. ರೈಲಲ್ಲಿ ಕೂರೋಕೂ ಆಗ್ಲಿಲ್ಲ, ನಿಂತ್ಕೊಂಡೇ ಬಂದೆ."

ಅವನು ಬಂದಿರಲಿಲ್ಲ, ಅವಳ ಸೂತ್ರ ಅವನನ್ನು ಎಳೆದು ತಂದಿತ್ತು. ಫೋನು ಹೊಡೆದುಕೊಳ್ಳತೊಡಗಿತು. ಎಲ್ಲಿಗೂ ಹೋಗಬೇಡಿ, ಬರುತ್ತೇನೆ ಎಂದಷ್ಟೇ ಹೇಳಿ ಮಂಗಳಾ ಕಚೇರಿಗೆ ಓಡಿದಳು.

ನಿಯಂತ್ರಣ ಕೊಠಡಿಯ ಮುಖ್ಯಸ್ಥ ಇನಾಯತ್ ಸಾಹೇಬರು ವಯಸ್ಸಾದವರು, ಜೋರಾಗಿ ಮಾತಾಡಿದವರಲ್ಲ. ಅವರ ಕಂಕುಳಲ್ಲಿ ಒಂದು ಪ್ಯಾಂಟಿತ್ತು. ಸೊಂಟ ಬಿಗಿಯಾಗಿ ಎಷ್ಟೋ ವರ್ಷವಾಗಿತ್ತಂತೆ. ದರ್ಜಿಯ ಅಂಗಡಿಗೆ ಹೊರಟವರು ಮನಸ್ಸು ಗಟ್ಟಿ ಮಾಡಿ ಇಲ್ಲಿಗೆ ಬಂದಿದ್ದರು. ಬಂದ ದೂರುಗಳನ್ನು ಅವರು ಓದಿ ಹೇಳಿದರು. ಬಸ್ಸಿನ ಚಾಲಕನೊಬ್ಬ ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದ. ಪ್ರಯಾಣಿಕರೇನೂ ಬೈಯಲಿಲ್ಲ, ಅರ್ಧ ಜನ ಅವರವರ ಕೆಲಸಕ್ಕೆ ಆಗಲೇ ಇಳಿದು ಹೋಗಿದ್ದರು. ಇಲ್ಲಿಯವರೆಗೆ ನಗಬಹುದಿತ್ತು. ಆದರೆ ಆಸ್ಪತ್ರೆಗಳಲ್ಲಿ ನರ್ಸುಗಳು ಕೈಯಲ್ಲಿದ್ದ ಸಿರಿಂಜು ಕೆಳಗಿಟ್ಟು ಮನೆಗೆ ಹೊರಟಿದ್ದರು. ಹಣ್ಣು ಮುದುಕರೊಬ್ಬರು ಸೋರುವ ಹೆಂಚು ಸರಿಪಡಿಸಲು ಮಾಡು ಹತ್ತಿದ್ದರು, ಇಳಿಸಲು ಹೋದವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಬಹಳ ವರ್ಷದಿಂದ ಬಹಳ ಕೆಲಸ ಮಲಗಿಸಿದ್ದವರು, ಎಲ್ಲ ಒಟ್ಟಿಗೆ ಎದ್ದದ್ದರಿಂದ, ಯಾವುದಕ್ಕೆ ಮೊದಲು ಓಡಬೇಕೆಂದು ತಿಳಿಯದೆ, ತಲೆ ಹಿಡಿದು ಕೂತು ಅಳುತ್ತಿದ್ದರು.

ಮಂಗಳಾ ತಪ್ಪು ತನ್ನದೆಂದು ಹೇಳಿ ಕೆಲಸಕ್ಕೆ ಕೂತಳು. ತಿದ್ದುವುದು ಕಷ್ಟವಿರಲಿಲ್ಲ. ಆಷಾಢದ ಹೆಸರು ಹೊತ್ತ ಕೆಲಸಗಳನ್ನೆಲ್ಲ ಈ ವರ್ಷದ ಆಷಾಢ ಕಳೆಯುವ ತನಕ ಮತ್ತೆ ಮಲಗಿಸುವುದು. ಒತ್ತಿದ ಕ್ಷಣವೇ ಎಲ್ಲರ ತಲೆಯಲ್ಲಿ ಕೊರೆತ ನಿಲ್ಲುತ್ತದೆ. ಇನಾಯತ್ ಸಾಹೇಬರು ಒಂದು ವಿನಾಯಿತಿಯ ಪಟ್ಟಿ ಇಡಬೇಕೆಂದರು. ಹಲ್ಲಿನ ಆಸ್ಪತ್ರೆಯವರು ಕೇಳಿಕೊಂಡಿದ್ದರಂತೆ: ಅರ್ಧ ಹಲ್ಲು ಕೀಳಿಸಿಕೊಂಡವನು ನಾಳೆ ನೋಡೋಣ ಎಂದು ಕುರ್ಚಿಯಿಂದ ಎದ್ದು ಹೋದರೆ ಗತಿಯೇನು? ಅಂಥವರ ಹೆಸರು ಬರೆದರೆ ಅವರ ಕೊರೆತ ಕೆಲಸ ಮುಗಿಯುವ ತನಕ ಉಳಿಯುತ್ತದೆ. ಮಂಗಳಾ ಹೆಸರುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಳು. ಪಟ್ಟಿ ಮುಗಿದ ಮೇಲೂ ಅವಳ ಬೆರಳು ನಿಲ್ಲಲಿಲ್ಲ. ರೇಣುಕಪ್ರಸಾದ, ಅರಸೀಕೆರೆ ಎಂದು ಬರೆಯಿತು.

ಅದನ್ನು ನೋಡುತ್ತ ಕೂತಳು. ಮೂರು ವರ್ಷ ಬಾರದವನು ಇವತ್ತು ಬಂದಿದ್ದಾನೆ. ಹೇಗೆ ಬಂದರೇನು? ಮದುವೆಗೆ ಹೆಣ್ಣು ನೋಡಲು ಬಂದಾಗಲೂ ಸೋದರಮಾವ ತಳ್ಳಿದ್ದಕ್ಕೇ ಬಂದಿದ್ದನಂತೆ. ಲೋಕದಲ್ಲಿ ಯಾರು ತಾನೇ ತಳ್ಳಿಸಿಕೊಳ್ಳದೆ ನಡೆಯುತ್ತಾರೆ. ಈ ಒಂದು ಹೆಸರು ಉಳಿದರೆ ಊರಿಗೇನೂ ನಷ್ಟವಿಲ್ಲ. ಅಳಿಸಿದರೆ ಅವನು ಬಂದ ದಾರಿಯಲ್ಲೇ, ಏಕೆ ಬಂದೆನೆಂದು ತಲೆ ಕೆರೆದುಕೊಂಡು, ಹೊರಟುಹೋಗಬಹುದು. ಆಮೇಲೆ ಇನ್ನೆಷ್ಟು ಆಷಾಢವೋ. ಅವಳಿಗೆ ಅಳು ಒತ್ತಿ ಬಂತು.

ಇನಾಯತ್ ಸಾಹೇಬರು ಪರದೆಯ ಮೇಲಿನ ಹೆಸರು ನೋಡಿದರು. ಅವಳ ಮದುವೆಗೆ ಬಂದು ಉಂಡು ಹೋದವರು ಅವರು.

"ಸೂತ್ರ ನಿನ್ನದು, ಕೈ ನಿನ್ನದು," ಎಂದರು. "ನಾನು ಕಿಟಕಿ ಕಡೆ ನೋಡ್ತಿರ್ತೀನಿ ಕಣಮ್ಮ." ನಿಜವಾಗಿಯೂ ಕಿಟಕಿಗೆ ಮುಖ ಮಾಡಿ ನಿಂತರು.

ಮಂಗಳಾ ಆ ಹೆಸರನ್ನು ಅಳಿಸಿದಳು. ದೊಡ್ಡತನದಿಂದೇನೂ ಅಲ್ಲ. ಡ್ರಿಲ್ಲು ಕೊರೆದು ಕರೆತಂದ ಗಂಡನ ಜೊತೆ ಬಾಳಿದರೆ, ದಿನಾ ಊಟ ಬಡಿಸುವಾಗ ಅವನ ಮುಖ ನೋಡಿ, ಕೊರೆತ ಇದೆಯೋ ನಿಂತಿತೋ ಎಂದು ಹುಡುಕುತ್ತಿರಬೇಕಾಗುತ್ತದೆ. ಅದು ಅವಳಿಗೆ ಬೇಕಿರಲಿಲ್ಲ. ಗುಂಡಿ ಒತ್ತಿದಳು.

ಊರು ಉಸಿರು ಬಿಟ್ಟಿತು. ಬೇರೆ ಮಾತೇ ಇಲ್ಲ ಅದಕ್ಕೆ. ದೂರಿನ ಗಂಟೆಗಳು ಒಂದೊಂದಾಗಿ ನಿಂತವು. ಮುದುಕರು ಮಾಡಿನಿಂದ ಇಳಿದು ಕಾಫಿ ಕೇಳಿದರು. ನರ್ಸುಗಳು ನಾಚಿಕೊಂಡು ವಾರ್ಡಿಗೆ ಮರಳಿದರು. ಗೋಡೆಗಳು ಅರ್ಧ ಬೆಳ್ಳಗೆ ಅರ್ಧ ಹಳೆಯ ಬಣ್ಣದಲ್ಲಿ ಉಳಿದವು. ಇನಾಯತ್ ಸಾಹೇಬರು ಕಂಕುಳಲ್ಲಿದ್ದ ಪ್ಯಾಂಟನ್ನು ಬಿಡಿಸಿ ನೋಡಿ, ಇಷ್ಟು ದೂರ ತಂದದ್ದಾಯಿತು, ಕೊಟ್ಟೇ ಹೋಗುತ್ತೇನೆ ಎಂದು ದರ್ಜಿಯ ಅಂಗಡಿಗೆ ಹೊರಟರು. ಅದನ್ನು ಕಂಡು ಮಂಗಳಾಗೆ ಸ್ವಲ್ಪ ಧೈರ್ಯ ಬಂತು.

ಆದರೂ ಸಂಜೆ ಮನೆಗೆ ಬರುವಾಗ ಬೀದಿಯ ಮೂಲೆಯಲ್ಲೇ ಆಟೋ ಇಳಿದಳು. ಬೇಡದ ನಿಂಬೆಹಣ್ಣು ಕೊಂಡಳು. ಮೇಷ್ಟ್ರ ಅರ್ಧ ಗೋಡೆಯನ್ನು ನಿಂತು ಹೊಗಳಿದಳು. ಯಾವುದನ್ನೂ ಮುಂದಕ್ಕೆ ಹಾಕದವಳು ತನ್ನ ಮನೆಯ ಬಾಗಿಲನ್ನು ಮುಂದಕ್ಕೆ ಹಾಕುತ್ತಿದ್ದಳು. ಕೊನೆಗೆ ತಲೆಯೆತ್ತಿ ನೋಡಿದಾಗ ಮೆಟ್ಟಿಲ ಬಳಿ ಒಂದು ಚರ್ಮದ ಚಪ್ಪಲಿ, ಒಂದು ಹವಾಯಿ ಜೋಡಿಸಿಟ್ಟಿದ್ದವು. ಅವಳು ಗೇಟು ತೆರೆದು ಒಳಗೆ ಹೋದಳು.

ಒಳಗೆ ರೇಣುಕಪ್ರಸಾದ ಕೂತಿದ್ದ. ಬೆಳಗಿನ ಅವಸರ ಮುಖದಲ್ಲಿರಲಿಲ್ಲ, ಬದಲಿಗೆ ಹೆದರಿಕೆಯಿತ್ತು. ನಡೆದದ್ದನ್ನು ಚನ್ನಬಸಮ್ಮ ಹೇಳಿದರು: ಅಕ್ಕಿ ರೊಟ್ಟಿ ತಿನ್ನುತ್ತಿದ್ದವರು ತಟ್ಟನೆ ನಿಲ್ಲಿಸಿ ಸುತ್ತ ನೋಡಿದರು; ಎದ್ದು ಕೈ ತೊಳೆದು, ಬರುತ್ತೇನೆಂದು ಹೇಳಿ ಚಪ್ಪಲಿ ಮೆಟ್ಟಿದರು; ಆಗ ಕಾಲು ನೋಡಿಕೊಂಡು ನಿಂತವರು ವಾಪಸು ಬಂದು ಕೂತರು, ಆಮೇಲೆ ಎದ್ದಿಲ್ಲ. ಇಷ್ಟು ಹೇಳಿ, ಅವರಿಗೂ ಏನೋ ಹೊಳೆದು, ಒಳಗೆ ಹೋದರು.

"ಅದು ನಿಂತೋಯ್ತು ಮಂಗಳಾ," ಎಂದ ಅವನು. "ಹಲ್ಲುನೋವು ನಿಂತ ಹಾಗೆ. ಬೆಳಿಗ್ಗೆ ಬಂದಾಗ ನನಗೆ ನಾಚ್ಕೆ ಇರ್ಲಿಲ್ಲ, ಹೆದ್ರಿಕೆ ಇರ್ಲಿಲ್ಲ. ಈಗ ಎರಡೂ ಬಂದಿವೆ. ಎದ್ದು ಹೋಗೋದು ಸುಲಭ. ಮೂರು ವರ್ಷ ಅದನ್ನೇ ಮಾಡ್ದೆ. ಪ್ರತಿ ಶ್ರಾವಣ ಇದು ಕೇಳ್ತಿತ್ತು, ನಾನು ಹೀಗೆ ಎರಡು ಸಲ ಮುಟ್ತಿದ್ದೆ. ಭಾರ ಇಳಿದುಹೋಗ್ತಿತ್ತು." ಕಿವಿಯ ಹಿಂದೆ ಬೆರಳಿಟ್ಟವನು ಮುಟ್ಟದೆ ಕೈ ಇಳಿಸಿದ. "ಬೆಳಿಗ್ಗೆ ಬಾ ಅಂದೆ. ಈಗ ಕೇಳ್ತೀನಿ. ಬರ್ತೀಯಾ? ಕೆಲ್ಸ ಬಿಡು ಅಂತ ಇನ್ಮೇಲೆ ಅನ್ನಲ್ಲ. ರೈಲಿದೆಯಲ್ಲ."

ಮೂರು ವರ್ಷದ ಖಾರದ ಮಾತುಗಳು ಈಗ ನೆನಪಾದವು. ಮಂಗಳಾ ಅವುಗಳಲ್ಲಿ ಕೆಲವನ್ನು ಆಡಿಯೇಬಿಟ್ಟಳು; ಇಟ್ಟುಕೊಂಡು ಏನು ಮಾಡಬೇಕು. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿದ. ಕೊನೆಗೆ ಅವಳು, ನಿಮ್ಮನ್ನು ಬೆಳಿಗ್ಗೆ ಎಳೆದು ತಂದದ್ದೂ ಮಧ್ಯಾಹ್ನ ಬಿಟ್ಟದ್ದೂ ನಾನೇ ಎಂದು ನಡೆದದ್ದನ್ನೆಲ್ಲ ತಿಳಿಸಿದಳು. ಬಿಟ್ಟಿದ್ದು ಒಳ್ಳೇದಾಯಿತು ಎಂದ ಅವನು. ಅವಳು ಆಗ ಅತ್ತಳು. ಮನಸ್ಸು ಹಗುರಾಯಿತು.

ಪಕ್ಕದ ಕೋಣೆಯಲ್ಲಿ ಕಿವಿಯಾನಿಸಿ ನಿಂತಿದ್ದ ಚನ್ನಬಸಮ್ಮ ಈಚೆ ಬಂದು, ಎಲ್ಲ ಸರಿ, ಆದರೆ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅದೊಂದು ಕಳೆಯಲಿ ಎಂದರು. ಅದು ಹೊಸ ಮದುವಣಗಿತ್ತಿಯ ಮಾತಲ್ಲವೇ ಎಂದು ಅಳಿಯ ಮೆಲ್ಲಗೆ ಕೇಳಿದ. ನೀವು ಸಂಸಾರ ಮಾಡಿದ ಲೆಕ್ಕ ನೋಡಿದರೆ ಇವಳು ಹೊಸಬಳೇ ಎಂದು ಅತ್ತೆ ಬಾಯಿ ಮುಚ್ಚಿಸಿದರು.

"ಆಷಾಢ ಕಳೀಲಿ ಅನ್ನೋ ಮಾತು ಇನ್ನು ಈ ಮನೇಲಿ ಬೇಡ ಅಮ್ಮ," ಎಂದಳು ಮಂಗಳಾ. "ಅರಸೀಕೆರೆ ಮನೆಗೆ ಹಿತ್ತಿಲ ಬಾಗಿಲೂ ಇದೆ. ಅತ್ತೆ ಮುಂದಿನ ಬಾಗಿಲಲ್ಲಿ ಓಡಾಡ್ಲಿ, ನಾನು ಹಿಂದಿನದ್ರಲ್ಲಿ ಓಡಾಡ್ತೀನಿ. ಶಾಸ್ತ್ರಕ್ಕೂ ಬೇಜಾರಿಲ್ಲ, ನನಗೂ ಇಲ್ಲ."

ಹಾಗೆಯೇ ನಡೆಯಿತು. ಉಳಿದ ಆಷಾಢವೆಲ್ಲ ಮಂಗಳಾ ಹಿತ್ತಿಲ ಬಾಗಿಲಲ್ಲಿ, ತೆಂಗಿನ ಗರಿ ದಾಟಿಕೊಂಡು, ಬೆಳಿಗ್ಗೆ ರೈಲಿಗೆ ಹೋದಳು, ಸಂಜೆ ಅದೇ ಬಾಗಿಲಲ್ಲಿ ಒಳಗೆ ಬಂದಳು. ಅವಳ ಅತ್ತೆಗೆ ಈ ಏರ್ಪಾಡು ಎಷ್ಟು ಇಷ್ಟವಾಯಿತೆಂದರೆ, ಮುಂಬಾಗಿಲಲ್ಲಿ ಕೂತು ಹಾದುಹೋಗುವವರಿಗೆಲ್ಲ ನಮ್ಮ ಸೊಸೆ ಹಿಂದಿನ ಬಾಗಿಲಲ್ಲಿದ್ದಾಳೆ ಎಂದು ಹೇಳುತ್ತಿದ್ದರು.

ಅಮಾವಾಸ್ಯೆ ಕಳೆದು ಶ್ರಾವಣದ ಮೊದಲ ದಿನ. ಮಂಗಳಾ ಬೇಗ ಎದ್ದು, ಹಿತ್ತಿಲಿನಿಂದ ಮನೆ ಬಳಸಿ ಬಂದು, ಮುಂಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಳು. ಕೈ ಒರೆಸಿಕೊಂಡು, ಬಲಗಾಲನ್ನು ಹೊಸ್ತಿಲೊಳಗೆ ಇಡಬೇಕು, ಅಷ್ಟರಲ್ಲಿ ಒಳಗಿನಿಂದ ದಡಬಡನೆ ಓಡಿಬಂದ ರೇಣುಕಪ್ರಸಾದ ಅವಳಿಗೆ ಡಿಕ್ಕಿ ಹೊಡೆಯುವಷ್ಟರಲ್ಲಿ ನಿಂತ. ಕೂದಲು ಬಾಚಿಲ್ಲ. ಕಾಲಲ್ಲಿ ಒಂದು ಚರ್ಮದ ಚಪ್ಪಲಿ, ಒಂದು ಹವಾಯಿ.

ಮಂಗಳಾಗೆ ಅರ್ಥವಾಯಿತು. ಈ ಆಷಾಢ ಕಳೆಯುವ ತನಕ ಎಂದು ತಾನೇ ಮಲಗಿಸಿದ್ದ ಕೆಲಸಕ್ಕೆ ಸರತಿ ತಾರೀಖು ತಪ್ಪಿಸಿರಲಿಲ್ಲ; ಮಲಗಿರುವಾಗಲೇ ಆ ಕೆಲಸ ಮುಗಿದುಹೋದದ್ದು ಅದಕ್ಕೆ ಗೊತ್ತಿರಲಿಲ್ಲ.

"ಎಲ್ಲಿಗೆ ಹೊರಟ್ರಿ ಇಷ್ಟು ಹೊತ್ತಿಗೆ?"

"ತುಮಕೂರಿಗೆ," ಎಂದ ಅವನು, ಏದುಸಿರು ಬಿಡುತ್ತ. "ನಿನ್ನ ಕರ್ಕೊಂಡು ಬರೋಕೆ."

ಮಂಗಳಾ ಬಲಗಾಲಿಟ್ಟು ಒಳಗೆ ಬಂದಳು. ಅವನು ಅವಳ ಮುಖವನ್ನೂ ಹೊಸ್ತಿಲನ್ನೂ ನೋಡಿದ. ಹಣೆಯ ಗೆರೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಗೋಡೆಗೆ ಒರಗಿ, ಚಪ್ಪಲಿ ಎರಡನ್ನೂ ಕಳಚಿಟ್ಟ.